ಡೆಟ್ರಾಯಿಟಿನ ಅಶರೀರವಾಣಿ

2024ರ ಮಾರ್ಚ್ ತಿಂಗಳಲ್ಲಿ ಜರ್ಮನಿಯು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಬರ್ಲಿನ್ ನಗರದ ‘ಟೆಕ್ನೋ’ ಸಂಗೀತ ಸಂಸ್ಕೃತಿಯನ್ನು ಸೇರಿಸಿತು. ಯುನೆಸ್ಕೋ ಸಂಸ್ಥೆಯೇ ಈ ಸಂಗೀತಕ್ಕೆ ವಿಶ್ವಪರಂಪರೆಯ ಮುದ್ರೆಯೊತ್ತಿತೆಂದು ಹಲವು ಪತ್ರಿಕೆಗಳು ಸಾರಿದವು. ಅದು ಹಾಗಲ್ಲ. 2003ರ ಯುನೆಸ್ಕೋ ಒಡಂಬಡಿಕೆಯನ್ನು ಒಪ್ಪಿದ ರಾಷ್ಟ್ರಗಳು ತಮ್ಮ ತಮ್ಮ ನಾಡಿನ ಪರಂಪರೆಗಳ ಪಟ್ಟಿಯನ್ನು ತಾವೇ ಇಟ್ಟುಕೊಳ್ಳಬೇಕು. ಬರ್ಲಿನ್ನಿನ ಹೆಸರು ಏರಿದ್ದು ಆ ಮನೆಯ ಪಟ್ಟಿಗೆ, ವಿಶ್ವದ ಪಟ್ಟಿಗಲ್ಲ. ಈ ತಪ್ಪು ಅಷ್ಟೇನೂ ದೊಡ್ಡದಲ್ಲವೆನ್ನಿ. ಆದರೆ ಅದರ ಬೆನ್ನಿಗೇ ಇನ್ನೊಂದು ಮರೆವು ಅಡಗಿದೆ. ಬರ್ಲಿನ್ ಈ ಸಂಗೀತವನ್ನು ಸಾಕಿ ಬೆಳೆಸಿದ ಮನೆ, ಹೆತ್ತ ಮನೆಯಲ್ಲ. ಅದು ಹುಟ್ಟಿದ್ದು ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ. ಆ ಹೆರಿಗೆಯಲ್ಲಿ ಸೂಲಗಿತ್ತಿಯ ಕೆಲಸ ಮಾಡಿದವನು ಸಂಗೀತಗಾರನಲ್ಲ, ಧ್ವನಿಮುದ್ರಿಕೆಗಳ ವರ್ತಕನೂ ಅಲ್ಲ. ಊರಿನ ರೇಡಿಯೋದಲ್ಲಿ ರಾತ್ರಿಯ ಹೊತ್ತು ಮಾತನಾಡುತ್ತಿದ್ದ, ತನ್ನ ಮುಖವನ್ನು ಲೋಕಕ್ಕೆ ತೋರಲೊಲ್ಲದ ಒಬ್ಬ ಉದ್ಘೋಷಕ.

ಆತನ ಹೆಸರು ಚಾರ್ಲ್ಸ್ ಜಾನ್ಸನ್. ಮೂಲದಲ್ಲಿ ದಕ್ಷಿಣದ ಆರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನವನು. ಶ್ರೋತೃಗಳಿಗೆ ಮಾತ್ರ ಆತ ‘ಇಲೆಕ್ಟ್ರಿಫೈಯಿಂಗ್ ಮೋಜೋ’. ನಮ್ಮ ‘ಮೋಜು’ ಎಂಬ ಮಾತಿಗೂ ಇದಕ್ಕೂ ನಂಟಿಲ್ಲ. ಅಮೆರಿಕದ ಕಪ್ಪುಜನರ ಆಡುಮಾತಿನಲ್ಲಿ ಮೋಜೋ ಎಂದರೆ ಮಂತ್ರಿಸಿ ಕಟ್ಟಿದ ತಾಯಿತ. ಆದಕಾರಣ ಮಿಂಚು ಹರಿಸುವ ತಾಯಿತವೆಂದು ಈ ಹೆಸರನ್ನು ಬಿಡಿಸಿಕೊಳ್ಳಬಹುದು. ಆತನ ಭಾವಚಿತ್ರ ಬಹಳ ಕಾಲ ಎಲ್ಲಿಯೂ ಅಚ್ಚಾಗಲಿಲ್ಲ, ಸಂದರ್ಶನ ಕೊಟ್ಟದ್ದು ಅಪೂರ್ವ. ನಮ್ಮ ಪುರಾಣಗಳಲ್ಲಿ ಅಶರೀರವಾಣಿ ಎಂದೊಂದು ಉಂಟಲ್ಲ, ಅದಕ್ಕೆ ಒಡೆಯನಾರೆಂದು ಯಾರೂ ಕೇಳುವುದಿಲ್ಲ; ನುಡಿದದ್ದು ನಡೆಯುತ್ತದೆ, ಅಷ್ಟೆ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಮನೆಯಿಂದ ಹೊರಟ ಪ್ರಸಾರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಒಪ್ಪಿದ್ದು ಈ ಸಂಸ್ಕಾರದಿಂದಲೇ. ಡೆಟ್ರಾಯಿಟಿನ ಜನಕ್ಕೆ ಆ ಪದ ಗೊತ್ತಿರಲಿಲ್ಲ, ಅನುಭವ ಗೊತ್ತಿತ್ತು.

ಆತನ ಸಾಧನೆಯನ್ನು ತೂಗಬೇಕಾದರೆ ಅಮೆರಿಕದ ರೇಡಿಯೋದಲ್ಲಿ ‘ಡಿಸ್ಕ್ ಜಾಕಿ’ಯ ಅಧಿಕಾರ ಎಷ್ಟಕ್ಕೆ ಇಳಿದಿತ್ತೆಂಬುದನ್ನು ಮೊದಲು ನೋಡಬೇಕು. ತಟ್ಟೆಯ ಮೇಲೆ ಸವಾರಿ ಮಾಡುವವನೆಂಬ ಅರ್ಥದ ಈ ಹೆಸರೇ ಅರ್ಧ ಪರಿಹಾಸದ್ದು. 1950ರ ದಶಕದಲ್ಲಿ ಕ್ಲೀವ್‌ಲೆಂಡಿನ ಆಲನ್ ಫ್ರೀಡ್‌ನಂಥವರು ತಮಗೆ ಒಪ್ಪಿದ ತಟ್ಟೆಯನ್ನು ತಮ್ಮ ಹೊಣೆಯ ಮೇಲೆ ನುಡಿಸುತ್ತಿದ್ದರು. ಕಪ್ಪುಜನರ ಸಂಗೀತ ಬಿಳಿಯ ತರುಣರ ಕಿವಿಗೆ ಬಿದ್ದದ್ದು ಹಾಗೆ. ಈ ಸ್ವಾತಂತ್ರ್ಯದ ಜೊತೆಗೆ ಲಂಚವೂ ಬಂತು. ಹಣ ಪಡೆದು ತಟ್ಟೆ ನುಡಿಸುವ ವ್ಯವಹಾರವನ್ನು ಅಮೆರಿಕದ ಸಂಸತ್ತು 1959–60ರಲ್ಲಿ ವಿಚಾರಣೆ ಮಾಡಿತು. 1960ರಲ್ಲಿ ಅದು ಕಾನೂನಿನ ಪ್ರಕಾರ ಅಪರಾಧವಾಯಿತು. ಫ್ರೀಡ್‌ನ ವೃತ್ತಿ ಅಲ್ಲಿಗೆ ಮುರಿದುಬಿತ್ತು. ಕಳ್ಳತನ ತಡೆಯಲು ಬಾಗಿಲಿಗೆ ಬೀಗ ಹಾಕಿದ್ದು ಸರಿಯೇ. ಆದರೆ ಕೇಂದ್ರಗಳ ಒಡೆಯರು ಬೀಗದ ಕೈಯನ್ನೂ ಉದ್ಘೋಷಕನಿಂದ ಕಿತ್ತುಕೊಂಡರು. ಯಾವ ಹಾಡು, ದಿನಕ್ಕೆ ಎಷ್ಟು ಸಲ ಎಂಬುದನ್ನು ಇನ್ನು ಮೇಲೆ ಕಾರ್ಯಕ್ರಮ ನಿರ್ದೇಶಕನೂ ಮಾರಾಟದ ಅಂಕಿಗಳೂ ತೀರ್ಮಾನಿಸತೊಡಗಿದವು. 1970ರ ದಶಕದ ಹೊತ್ತಿಗೆ ರಾಕ್ ನುಡಿಸುವ ಕೇಂದ್ರ ಬಿಳಿಯರಿಗೆ, ಸೋಲ್ ನುಡಿಸುವ ಕೇಂದ್ರ ಕಪ್ಪುಜನರಿಗೆ ಎಂಬ ಪಂಕ್ತಿಭೇದ ಗಟ್ಟಿಯಾಗಿತ್ತು. ಇದನ್ನು ಯಾವ ಶಾಸನವೂ ವಿಧಿಸಿರಲಿಲ್ಲ; ಜಾಹೀರಾತಿನ ಲೆಕ್ಕ ವಿಧಿಸಿತ್ತು.

ಆ ಭೇದದ ತೀವ್ರತೆ ಎಷ್ಟಿತ್ತೆಂಬುದಕ್ಕೆ 1979ರ ಜುಲೈ 12ರ ಘಟನೆಯೊಂದು ಸಾಕ್ಷಿ. ಷಿಕಾಗೋ ನಗರದ ಕಾಮಿಸ್ಕಿ ಕ್ರೀಡಾಂಗಣದಲ್ಲಿ ಅಂದು ಎರಡು ಬೇಸ್‌ಬಾಲ್ ಪಂದ್ಯಗಳು ಗೊತ್ತಾಗಿದ್ದವು. ಸ್ಟೀವ್ ಡಾಲ್ ಎಂಬ ರಾಕ್ ರೇಡಿಯೋ ಉದ್ಘೋಷಕ, ಡಿಸ್ಕೋ ನರ್ತನ ಸಂಗೀತದ ತಟ್ಟೆಯೊಂದನ್ನು ತಂದವರಿಗೆ 98 ಸೆಂಟಿಗೆ ಪ್ರವೇಶವೆಂದು ಸಾರಿದ. ತಾನಿದ್ದ ಕೇಂದ್ರ ಡಿಸ್ಕೋ ಕಡೆಗೆ ತಿರುಗಿದಾಗ ಕೆಲಸ ಕಳೆದುಕೊಂಡವನು ಆತ. ಎರಡು ಪಂದ್ಯಗಳ ನಡುವೆ ಆ ತಟ್ಟೆಗಳ ರಾಶಿಯನ್ನು ಮದ್ದಿಟ್ಟು ಸಿಡಿಸಿದರು. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಎರಡನೆಯ ಆಟ ನಡೆಯಲಿಲ್ಲ. ಆ ಆಟದ ಜಯ ಎದುರಾಳಿಗೆ ಸಂದಿತು. ಎದುರಾಳಿ ತಂಡ ಡೆಟ್ರಾಯಿಟಿನದೇ ಆಗಿದ್ದುದು ಕಾಕತಾಳೀಯ. ಇದು ಬರಿಯ ಹುಡುಗಾಟವೆಂದು ಡಾಲ್ ಮುಂದೆಯೂ ವಾದಿಸಿದ. ನಮಗೆ ಹಾಗೆ ತೋರುವುದಿಲ್ಲ. ತಂದ ತಟ್ಟೆಗಳಲ್ಲಿ ಡಿಸ್ಕೋ ಅಲ್ಲದ, ಕಪ್ಪುಜನ ಹಾಡಿದ್ದೆಂಬುದನ್ನು ಬಿಟ್ಟರೆ ಬೇರಾವ ದೋಷವೂ ಇಲ್ಲದ ತಟ್ಟೆಗಳೂ ಇದ್ದವೆಂದು ಅಂದು ಅಲ್ಲಿದ್ದವರು ಹೇಳಿದ್ದಾರೆ. ಆ ಮೇಲೆ ಅಮೆರಿಕದ ರೇಡಿಯೋ ಕೇಂದ್ರಗಳು ನರ್ತನ ಸಂಗೀತವೆಂದರೆ ಹೆದರುವ ಕಾಲ ಬಂತು.

ಮೋಜೋ ನಿಂತದ್ದು ಈ ಕಾಲದ ನಡುವೆ. ನಿಂತ ನೆಲವೂ ಸಾಮಾನ್ಯವಾದದ್ದಲ್ಲ. 1950ರ ಜನಗಣತಿಯಲ್ಲಿ ಡೆಟ್ರಾಯಿಟಿನ ಜನಸಂಖ್ಯೆ ಹದಿನೆಂಟೂವರೆ ಲಕ್ಷ. ಮೋಟಾರು ಕಾರಿನ ಕಾರ್ಖಾನೆಗಳ ಕೂಲಿಯನ್ನು ನಂಬಿ ದಕ್ಷಿಣದ ಹೊಲಗಳಿಂದ ಬಂದ ಕಪ್ಪುಜನ ಅದರಲ್ಲಿ ಬಹಳ. 1967ರ ಜುಲೈ ತಿಂಗಳ ದಂಗೆಯಲ್ಲಿ 43 ಮಂದಿ ಸತ್ತರು. ಬಿಳಿಯರು ಉಪನಗರಗಳಿಗೆ ಹೊರಟುಹೋಗುವುದು ಅದಕ್ಕೆ ಮೊದಲೇ ಆರಂಭವಾಗಿತ್ತು, ಆ ಮೇಲೆ ಅದು ಪ್ರವಾಹವಾಯಿತು. 1959ರಲ್ಲಿ ಹುಟ್ಟಿ ಊರಿಗೆ ಕೀರ್ತಿ ತಂದಿದ್ದ ‘ಮೋಟೌನ್’ ಸಂಗೀತ ಸಂಸ್ಥೆ 1972ರಲ್ಲಿ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿತು. ಕಾರ್ಖಾನೆ ಹೋಗುತ್ತಿತ್ತು, ಜನ ಹೋಗುತ್ತಿದ್ದರು, ಹಾಡೂ ಹೋಯಿತು. ಉಳಿದವರ ಕೈಯಲ್ಲಿ ಒಂದು ವಸ್ತು ಉಳಿದಿತ್ತು: ಅವರದೇ ಆದ ರೇಡಿಯೋ. ವಿಲಿಯಂ ಬ್ಯಾಂಕ್ಸ್ ಎಂಬ ವಕೀಲರ ನಾಯಕತ್ವದ ಕಪ್ಪುಜನರ ಮೇಸನ್ ಸಂಘವೊಂದು ‘ಡಬ್ಲ್ಯೂ.ಜಿ.ಪಿ.ಆರ್.’ ಎಂಬ ಎಫ್.ಎಂ. ಕೇಂದ್ರವನ್ನು ನಡೆಸುತ್ತಿತ್ತು. ದೇವರ ಸಾನ್ನಿಧ್ಯ ಪ್ರಸರಿಸುವ ಸ್ಥಳವೆಂದು ಆ ಅಕ್ಷರಗಳಿಗೆ ಅರ್ಥ. ಇದೇ ಸಂಘ 1975ರಲ್ಲಿ ದೂರದರ್ಶನ ಕೇಂದ್ರವೊಂದನ್ನೂ ತೆರೆಯಿತು. ಅಮೆರಿಕದ ಮುಖ್ಯಭೂಮಿಯಲ್ಲಿ ಕಪ್ಪುಜನರ ಒಡೆತನದ ಮೊದಲ ದೂರದರ್ಶನ ಕೇಂದ್ರ ಅದೇ.

1977ರಲ್ಲಿ ಈ ರೇಡಿಯೋ ಕೇಂದ್ರದ ರಾತ್ರಿಯ ಗಂಟೆಗಳು ಮೋಜೋನ ಪಾಲಿಗೆ ಬಂದವು. ವಾಯುಪಡೆಯಲ್ಲಿದ್ದು ಫಿಲಿಪೈನ್ಸಿನಲ್ಲಿ ಸೈನಿಕರಿಗಾಗಿ ತಟ್ಟೆ ನುಡಿಸಿದ್ದ ಅನುಭವ ಆತನಿಗಿತ್ತು. ಕಾರ್ಯಕ್ರಮ ಆರಂಭವಾಗುತ್ತಿದ್ದುದು ಆಕಾಶನೌಕೆಯೊಂದು ಊರ ಮೇಲೆ ಇಳಿಯುವ ಸದ್ದಿನಿಂದ. ನಡುರಾತ್ರಿಯಾಯಿತೆಂದರೆ ‘ಮಿಡ್‌ನೈಟ್ ಫಂಕ್ ಅಸೋಸಿಯೇಷನ್’ ಎಂಬ ಸಭೆ ಕೂಡುತ್ತಿತ್ತು. ಸಭೆಗೆ ಕಟ್ಟಡವಿಲ್ಲ, ಚಂದಾ ಇಲ್ಲ, ಕೇಳುತ್ತಿರುವವರೆಲ್ಲ ಸದಸ್ಯರು. ಮನೆಯಲ್ಲಿರುವವರು ಜಗಲಿಯ ದೀಪವನ್ನು ಆರಿಸಿ ಹೊತ್ತಿಸಬೇಕು, ದಾರಿಯಲ್ಲಿರುವವರು ಕಾರಿನ ಮುಂದೀಪ ಮಿನುಗಿಸಿ ಹಾರನ್ ಒತ್ತಬೇಕು ಎಂದು ಆ ಗಂಭೀರ ಮಂದ್ರಸ್ವರ ಅಪ್ಪಣೆ ಕೊಡುವುದು. ಬೀದಿಬೀದಿಯಲ್ಲಿ ದೀಪಗಳು ಮಿನುಗುವುವು. ಓದುವಾಗ ಇದು ಬಾಲಿಶವೆನಿಸೀತು. ಅರ್ಧ ಖಾಲಿಯಾದ ಬೀದಿಯಲ್ಲಿ, ಎದುರುಮನೆಯಲ್ಲಿ ಇನ್ನೂ ಯಾರೋ ಇದ್ದಾರೆ, ಅವರೂ ಎಚ್ಚರವಾಗಿದ್ದಾರೆ, ನಾನು ಕೇಳುತ್ತಿರುವುದನ್ನೇ ಕೇಳುತ್ತಿದ್ದಾರೆ ಎಂದು ತಿಳಿಯುವುದು ಬಾಲಿಶವಲ್ಲ.

ಇನ್ನು ಆತ ನುಡಿಸಿದ ಸಂಗೀತ. ಇದರಲ್ಲಿಯೇ ಆತನ ದಿಟ್ಟತನವಿದೆ. ಕಪ್ಪುಜನರ ಕೇಂದ್ರದಿಂದ ಕಪ್ಪುಜನರ ಹಾಡನ್ನೇ ನಿರೀಕ್ಷಿಸುತ್ತಿದ್ದ ಕಾಲದಲ್ಲಿ ಆತ ಜರ್ಮನಿಯ ಡ್ಯೂಸೆಲ್ಡಾರ್ಫ್ ಊರಿನ ‘ಕ್ರಾಫ್ಟ್‌ವರ್ಕ್’ ತಂಡವನ್ನು ನುಡಿಸಿದ. ನಾಲ್ವರು ಜರ್ಮನರು ಕಟ್ಟಿದಂತೆ ನಿಂತು ಯಂತ್ರಗಳಿಂದ ಹೊರಡಿಸುವ ನಾದ ಅದು; ಅವರ ‘ಕಂಪ್ಯೂಟರ್ ವರ್ಲ್ಡ್’ 1981ರಲ್ಲಿ ಬಂದಾಗ ಒಂದೆರಡು ಹಾಡುಗಳನ್ನಲ್ಲ, ತಟ್ಟೆಯ ಪಕ್ಕಗಳನ್ನೇ ಪೂರ್ತಿಯಾಗಿ ಕೇಳಿಸಿದ. ಜಾರ್ಜ್ ಕ್ಲಿಂಟನ್ನನ ಫಂಕ್ ಆಯಿತು, ಜಾರ್ಜಿಯಾದ ‘ಬಿ-52ಸ್’ ಎಂಬ ಬಿಳಿಯರ ತಂಡ ಆಯಿತು, ಹೆಂಡ್ರಿಕ್ಸನ ಗಿಟಾರ್ ಆಯಿತು, ಮಿನಿಯಾಪೊಲಿಸ್ಸಿನ ಪ್ರಿನ್ಸ್ ಎಂಬ ತರುಣನದಂತೂ ಹೇಳತೀರದು. ಅದೇ ವರುಷ ಆರಂಭವಾದ ‘ಎಂಟಿವಿ’ ಎಂಬ ಸಂಗೀತ ದೂರದರ್ಶನ ಕಪ್ಪು ಕಲಾವಿದರನ್ನು ಹೆಚ್ಚುಕಡಿಮೆ ಹೊರಗೇ ನಿಲ್ಲಿಸಿತ್ತೆಂಬುದನ್ನು ನೆನೆದರೆ, ಬಡ ಊರಿನ ಒಂದು ಸಣ್ಣ ಕೇಂದ್ರ ಎರಡೂ ಕಡೆಯ ಬಾಗಿಲನ್ನು ತೆರೆದಿಟ್ಟುದರ ಬೆಲೆ ತಿಳಿದೀತು. ಪ್ರಿನ್ಸ್ ಈ ಋಣವನ್ನು ಮರೆಯಲಿಲ್ಲ. ಪತ್ರಿಕೆಗಳನ್ನು ಹತ್ತಿರ ಸೇರಿಸದಿದ್ದ ಆ ಕಲಾವಿದ 1986ರ ಜೂನ್ 7ರಂದು, ತನ್ನ ಹುಟ್ಟುಹಬ್ಬದ ದಿನ, ಡೆಟ್ರಾಯಿಟಿನ ಕೋಬೋ ರಂಗಮಂದಿರದಲ್ಲಿ ಹಾಡಿದ ಬಳಿಕ ಮೋಜೋನೊಡನೆ ರೇಡಿಯೋದಲ್ಲಿ ಮನಬಿಚ್ಚಿ ಮಾತಾಡಿದ.

ಡೆಟ್ರಾಯಿಟಿನಿಂದ ಪಶ್ಚಿಮಕ್ಕೆ ಐವತ್ತು ಕಿಲೋಮೀಟರ್ ದೂರದಲ್ಲಿ ಬೆಲ್‌ವಿಲ್ ಎಂಬ ಪುಟ್ಟ ಊರು. ಅಲ್ಲಿನ ಶಾಲೆಯಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯವರು. ಅವರಲ್ಲಿ ಮೂವರು ಹ್ವಾನ್ ಆಟ್‌ಕಿನ್ಸ್, ಡೆರಿಕ್ ಮೇ, ಕೆವಿನ್ ಸೌಂಡರ್‌ಸನ್. ನಗರದ ನರ್ತನಶಾಲೆಗಳಿಗೆ ಈ ಹುಡುಗರು ದೂರ, ಎಫ್.ಎಂ. ತರಂಗ ಮಾತ್ರ ರಾತ್ರಿ ಅವರ ಕೋಣೆಯವರೆಗೆ ಬರುತ್ತಿತ್ತು. ನರ್ತನ ಸಂಗೀತವನ್ನು ನರ್ತನವಿಲ್ಲದೆ, ಕತ್ತಲಲ್ಲಿ ಮಲಗಿ, ಶಾಸ್ತ್ರದಂತೆ ಕೇಳಿದವರು ಇವರು. ಮುಂದೆ ಇವರು ರಚಿಸಿದ ಸಂಗೀತದಲ್ಲಿ ಕಾಣುವ ಏಕಾಂತದ ಛಾಯೆಗೆ ಇದೂ ಒಂದು ಕಾರಣವಾಗಿರಬಹುದೆಂದು ನಮಗೆ ತೋರುತ್ತದೆ.

ಆಟ್‌ಕಿನ್ಸ್, ವಿಯೆಟ್ನಾಂ ಯುದ್ಧದಿಂದ ಮರಳಿದ್ದ ರಿಚರ್ಡ್ ಡೇವಿಸ್ ಎಂಬಾತನೊಡನೆ ಕೂಡಿ 1981ರಲ್ಲಿ ‘ಸೈಬೋಟ್ರಾನ್’ ಎಂಬ ಹೆಸರಿನಲ್ಲಿ ‘ಆಲೀಸ್ ಆಫ್ ಯುವರ್ ಮೈಂಡ್’ ಎಂಬ ತಟ್ಟೆಯನ್ನು ಸ್ವಂತ ಖರ್ಚಿನಲ್ಲಿ ಹೊರತಂದ. ಆಗ ಆತನಿಗೆ ಇಪ್ಪತ್ತು ದಾಟಿರಲಿಲ್ಲ. ದೊಡ್ಡ ಕಂಪನಿಯ ಬೆಂಬಲವಿಲ್ಲ, ಜಾಹೀರಾತಿಲ್ಲ, ಹಾಡುಗಾರನ ಹೆಸರು ಕೇಳಿದವರಿಲ್ಲ. ಮೋಜೋ ಅದನ್ನು ಕ್ರಾಫ್ಟ್‌ವರ್ಕ್‌ನ ಪಕ್ಕದಲ್ಲಿಟ್ಟು ನುಡಿಸಿದ. ಡೆಟ್ರಾಯಿಟ್ ಸುತ್ತಿನಲ್ಲೇ ಸಾವಿರಾರು ಪ್ರತಿಗಳು ಮಾರಾಟವಾದವು. ‘ಎ ನಂಬರ್ ಆಫ್ ನೇಮ್ಸ್’ ಎಂಬ ಇನ್ನೊಂದು ಹುಡುಗರ ಗುಂಪಿನ ‘ಷೆರಿವಾರಿ’ ಎಂಬ ತಟ್ಟೆಗೂ ಅದೇ ವರುಷ ಅದೇ ಭಾಗ್ಯ ಒದಗಿತು. ಇದರ ಪರಿಣಾಮವನ್ನು ಹಣದಿಂದ ಅಳೆಯಲಾಗದು. ಜಗತ್ತಿನ ಬಹುಪಾಲು ಊರುಗಳಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಮನೆಯಲ್ಲಿ ಕುಳಿತು ವಿಚಿತ್ರವಾದದ್ದೊಂದನ್ನು ರಚಿಸಿದರೆ ಅದು ಮನೆಯಲ್ಲೇ ಉಳಿಯುತ್ತದೆ. ಇಲ್ಲಿ ಅದು ಜರ್ಮನಿಯ ಪ್ರಸಿದ್ಧರ ಸಾಲಿನಲ್ಲಿ ಕುಳಿತು ಇಡೀ ಊರಿಗೆ ಕೇಳಿಸಿತು. ಡೆರಿಕ್ ಮೇ ಮುಂದೆ ಮೋಜೋನ ಕಾರ್ಯಕ್ರಮಕ್ಕೆ ಹಾಡುಗಳ ಜೋಡಣೆಗಳನ್ನು ತಯಾರಿಸಿಕೊಟ್ಟ. ಜೆಫ್ ಮಿಲ್ಸ್ ಎಂಬ ಮತ್ತೊಬ್ಬ ತರುಣ ‘ವಿಜರ್ಡ್’ ಎಂಬ ಹೆಸರಿನಲ್ಲಿ ಬೇರೆ ಕೇಂದ್ರದಿಂದ ಮಿಂಚಿನ ವೇಗದಲ್ಲಿ ತಟ್ಟೆ ಬದಲಿಸಿ ಸ್ಪರ್ಧೆಗೆ ನಿಂತ. ಜಪಾನಿನ ರೋಲಂಡ್ ಕಂಪನಿಯ ತಾಳಯಂತ್ರಗಳು ಮಾರುಕಟ್ಟೆಯಲ್ಲಿ ಸೋತು ಹಳೆಯ ಸಾಮಾನಿನ ಬೆಲೆಗೆ ಸಿಗತೊಡಗಿದ್ದೂ ಈ ಹುಡುಗರಿಗೆ ಅನುಕೂಲವಾಯಿತು. 1985ರಲ್ಲಿ ಆಟ್‌ಕಿನ್ಸನ ‘ನೋ ಯುಎಫ್‌ಓಸ್’, 1987ರಲ್ಲಿ ಮೇ ರಚಿಸಿದ ‘ಸ್ಟ್ರಿಂಗ್ಸ್ ಆಫ್ ಲೈಫ್’, 1988ರಲ್ಲಿ ಸೌಂಡರ್‌ಸನ್ನನ ‘ಬಿಗ್ ಫನ್’. ಆ ವರುಷ ಲಂಡನ್ನಿನಲ್ಲಿ ಇವರ ಸಂಗೀತದ ಸಂಕಲನವೊಂದು ಹೊರಬಂದಾಗ ಶೀರ್ಷಿಕೆಯಲ್ಲಿ ‘ಟೆಕ್ನೋ’ ಎಂಬ ಪದ ಅಚ್ಚಾಯಿತು. ಆಲ್ವಿನ್ ಟಾಫ್ಲರ್ ಬರೆದ ‘ಥರ್ಡ್ ವೇವ್’ ಗ್ರಂಥವನ್ನೋದಿ ಆಟ್‌ಕಿನ್ಸ್ ಹಿಡಿದ ಪದ ಅದು.

ಬರ್ಲಿನ್ನಿನ ಕಥೆ ಇಲ್ಲಿಂದ ಮುಂದಿನದು. ಗೋಡೆ ಬಿದ್ದ ಮೇಲೆ, 1991ರ ಮಾರ್ಚ್‌ನಲ್ಲಿ, ಹಾಳುಬಿದ್ದ ಅಂಗಡಿಯೊಂದರ ನೆಲಮಾಳಿಗೆಯ ಖಜಾನೆ ಕೋಣೆಯಲ್ಲಿ ‘ಟ್ರೆಸರ್’ ಎಂಬ ನರ್ತನಶಾಲೆ ತೆರೆಯಿತು. ಅದೇ ಹೆಸರಿನ ಮುದ್ರಣ ಸಂಸ್ಥೆಯ ಮೊದಲ ತಟ್ಟೆ ಜೆಫ್ ಮಿಲ್ಸನ ಡೆಟ್ರಾಯಿಟ್ ತಂಡದ್ದು. ಬರ್ಲಿನ್ ಈ ಋಣವನ್ನು ಮುಚ್ಚಿಟ್ಟಿಲ್ಲ. ಆದರೆ ಪರಂಪರೆಯ ಪಟ್ಟಿಗಳಿಗೆ ರಾಷ್ಟ್ರದ ಗಡಿಯುಂಟು, ಸಂಗೀತಕ್ಕೆ ಇಲ್ಲ. ಡೆಟ್ರಾಯಿಟಿನ ಹುಡುಗರಿಗೆ ಜರ್ಮನಿಯ ನಾದವನ್ನು ಕೇಳಿಸಿದವನು ಊರಿನ ಉದ್ಘೋಷಕ, ಆ ನಾದ ರೂಪಾಂತರಗೊಂಡು ಜರ್ಮನಿಗೇ ಹಿಂದಿರುಗಿತು ಎಂಬುದನ್ನು ಯಾವ ದೇಶದ ಯಾವ ಪಟ್ಟಿಯ ಯಾವ ಅಂಕಣದಲ್ಲಿ ಬರೆಯುವುದು?

ಮೋಜೋನನ್ನು ಸಂತನನ್ನಾಗಿ ಮಾಡುವ ಅಗತ್ಯವಿಲ್ಲ. ಆತನ ಗಂಭೀರ ಪ್ರವಚನಗಳಲ್ಲಿ ಆಡಂಬರವೂ ಇತ್ತು. 1980ರ ದಶಕದಲ್ಲಿ ಡಬ್ಲ್ಯೂ.ಜೆ.ಎಲ್.ಬಿ., ಡಬ್ಲ್ಯೂ.ಎಚ್.ವೈ.ಟಿ. ಎಂದು ಕೇಂದ್ರದಿಂದ ಕೇಂದ್ರಕ್ಕೆ ಸಾಗುತ್ತಲೇ ಇದ್ದ. ತನ್ನ ಗಂಟೆಗಳಲ್ಲಿ ತಾನೇ ಹಾಡು ಆರಿಸುವೆನೆಂಬವನಿಗೆ ಬಾಡಿಗೆ ಮನೆಯೇ ಗತಿ. ಒಡೆಯ ಬದಲಾದರೆ, ಲೆಕ್ಕ ಬದಲಾದರೆ, ಜಾಗ ಬಿಡಬೇಕು. ಇನ್ನೂ ಒಂದು ಮಾತು: ಆ ಸ್ವಾತಂತ್ರ್ಯ ಆತನ ಪ್ರತಿಭೆಯಿಂದ ಮಾತ್ರ ಬಂದದ್ದಲ್ಲ. ಲಾಭವೊಂದನ್ನೇ ನೋಡದ, ಊರಿನಲ್ಲೇ ವಾಸವಿದ್ದ ಒಡೆಯರಿಂದಲೂ ಬಂತು.

ಆ ಒಡೆತನವೇ ಮುಂದೆ ಕರಗಿತು. ಒಂದು ಕಂಪನಿ ಅಮೆರಿಕದಲ್ಲೆಲ್ಲ ಇಷ್ಟೇ ರೇಡಿಯೋ ಕೇಂದ್ರಗಳನ್ನು ಇಟ್ಟುಕೊಳ್ಳಬೇಕೆಂಬ ಮಿತಿಯನ್ನು 1996ರ ದೂರಸಂಪರ್ಕ ಶಾಸನ ತೆಗೆದುಹಾಕಿತು. ಅದುವರೆಗೆ 40ರಷ್ಟು ಇದ್ದ ಮಿತಿ ಹೋದ ಮೇಲೆ ‘ಕ್ಲಿಯರ್ ಚಾನೆಲ್’ ಎಂಬ ಒಂದೇ ಕಂಪನಿ ಕೆಲವೇ ವರುಷಗಳಲ್ಲಿ ಸುಮಾರು 1,200 ಕೇಂದ್ರಗಳನ್ನು ಕೊಂಡಿತು. ಒಂದೂರಿನಲ್ಲಿ ಕುಳಿತವನು ಮೊದಲೇ ಮುದ್ರಿಸಿದ ಮಾತನ್ನು ಹತ್ತೂರಿನಲ್ಲಿ ಅಲ್ಲಿನವನಂತೆ ಕೇಳಿಸುವ ಪದ್ಧತಿ ಬೆಳೆಯಿತು. 2014ರಲ್ಲಿ ‘ಐಹಾರ್ಟ್‌ಮೀಡಿಯಾ’ ಎಂದು ಹೆಸರು ಬದಲಿಸಿಕೊಂಡ ಈ ಕಂಪನಿ ಸಾಲದ ಹೊರೆಯಿಂದ 2018ರಲ್ಲಿ ದಿವಾಳಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2020ರ ಜನವರಿಯಲ್ಲಿ ಊರೂರುಗಳ ಉದ್ಘೋಷಕರನ್ನು ದೊಡ್ಡ ಸಂಖ್ಯೆಯಲ್ಲಿ ಕೆಲಸದಿಂದ ಬಿಡಿಸಿತು.

ಈಗ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. 2023ರ ಫೆಬ್ರವರಿಯಲ್ಲಿ ‘ಸ್ಪಾಟಿಫೈ’ ಸಂಸ್ಥೆ ಕೃತಕ ಬುದ್ಧಿಯ ಡಿಸ್ಕ್ ಜಾಕಿಯನ್ನು ಹೊರತಂದಿತು; ಮನುಷ್ಯನ ಕಂಠವನ್ನು ಹೋಲುವ ದನಿಯಲ್ಲಿ ಅದು ಪ್ರತಿಯೊಬ್ಬನಿಗೂ ಅವನ ಹಾಡನ್ನು ಅವನಿಗೇ ಪರಿಚಯ ಮಾಡಿಕೊಡುತ್ತದೆ. 2024ರ ಅಕ್ಟೋಬರಿನಲ್ಲಿ ಪೋಲೆಂಡಿನ ಕ್ರಾಕೋ ನಗರದ ಪ್ರಾದೇಶಿಕ ಕೇಂದ್ರ ‘ಆಫ್ ರೇಡಿಯೋ ಕ್ರಾಕೋ’ ತನ್ನ ಉದ್ಘೋಷಕರನ್ನು ಕಳಿಸಿ ಮೂವರು ಯಂತ್ರಕಲ್ಪಿತ ತರುಣರನ್ನು ಕೂರಿಸಿತು. ಅವರಿಗೆ ಹೆಸರು, ವಯಸ್ಸು, ಜೀವನಚರಿತ್ರೆ ಎಲ್ಲವೂ ಉಂಟು. ಬದುಕು ಮಾತ್ರ ಇಲ್ಲ. ನೊಬೆಲ್ ಪುರಸ್ಕೃತ ಕವಯಿತ್ರಿ, 2012ರಲ್ಲಿ ತೀರಿಕೊಂಡ ಷಿಂಬೋರ್ಸ್ಕಾ ಅವರ ದನಿಯನ್ನು ಕೃತಕವಾಗಿ ನುಡಿಸಿ ಒಂದು ‘ಸಂದರ್ಶನ’ವನ್ನೂ ಪ್ರಸಾರ ಮಾಡಿದರು. ಸಾರ್ವಜನಿಕರ ಪ್ರತಿಭಟನೆ ಎದ್ದು, ಒಂದು ವಾರದಲ್ಲಿ ಆ ಪ್ರಯೋಗ ನಿಂತಿತು.

ಯಂತ್ರದ ಪರವಾಗಿಯೂ ಒಂದು ಮಾತು ಹೇಳಬೇಕು. ಇಂದಿನ ಬೆಲ್‌ವಿಲ್ಲಿನ ಹುಡುಗ ರಾತ್ರಿ ಹತ್ತಾಗಲೆಂದು ಕಾಯಬೇಕಿಲ್ಲ. ಡ್ಯೂಸೆಲ್ಡಾರ್ಫ್ ಇರಲಿ, ಧಾರವಾಡದ ಸಂಗೀತವೂ ಅವನ ಬೆರಳ ತುದಿಯಲ್ಲಿದೆ. ಈ ಸಮೃದ್ಧಿಯನ್ನು ಹಳಿಯುವುದು ಮುಪ್ಪಿನ ಗೊಣಗಾಟವಾದೀತು. ಆದರೆ ಯಂತ್ರ ಮುಖ್ಯವಾಗಿ ನೋಡುವುದು ನೀವು ನಿನ್ನೆ ಏನನ್ನು ಮೆಚ್ಚಿದಿರೆಂಬುದನ್ನು; ನಿಮ್ಮಂಥವರು ಇನ್ನೇನನ್ನು ಮೆಚ್ಚಿದರೆಂಬುದನ್ನು. 1981ರ ಡೆಟ್ರಾಯಿಟಿನ ಕಪ್ಪು ತರುಣನ ನಿನ್ನೆಯಲ್ಲಿ ಕ್ರಾಫ್ಟ್‌ವರ್ಕ್ ಇರಲಿಲ್ಲ, ಅವನಂಥವರ ನಿನ್ನೆಯಲ್ಲೂ ಇರಲಿಲ್ಲ. ಮಾರುಕಟ್ಟೆಯ ಯಾವ ಲೆಕ್ಕವೂ ಆ ತಟ್ಟೆಯನ್ನು ಆ ಊರಿಗೆ ಕಳಿಸುತ್ತಿರಲಿಲ್ಲ. ಇದು ನಿಮಗೆ ಹಿಡಿಸುತ್ತದೆ, ನಾನು ಬಲ್ಲೆ ಎಂದು ಊರಿನ ಮುಂದೆ ನಿಂತು ಪಣ ಕಟ್ಟುವವನೊಬ್ಬ ಬೇಕಾಗಿತ್ತು. ಹಿಡಿಸದಿದ್ದರೆ ನಾಳೆ ಅದೇ ಊರಿಗೆ ಅವನೇ ಉತ್ತರ ಕೊಡಬೇಕಾಗಿತ್ತು. ಜೊತೆಗೆ, ಒಬ್ಬೊಬ್ಬನಿಗೆ ಒಂದೊಂದು ಹಾಡು ಹಂಚುವ ಯಂತ್ರ ಜಗಲಿಯ ದೀಪವನ್ನು ಮಿನುಗಿಸೆಂದು ಯಾರಿಗೆ ಹೇಳೀತು? ಎದುರುಮನೆಯವನು ಆ ಹೊತ್ತಿಗೆ ಕೇಳುತ್ತಿರುವುದೇ ಬೇರೆ.

ಡೆಟ್ರಾಯಿಟಿನ ಜನಸಂಖ್ಯೆ 2020ರ ಗಣತಿಯಲ್ಲಿ 6,39,111; ನಗರಸಭೆಯೇ 2013ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. 2000ದಲ್ಲಿ ಆರಂಭವಾದ ಟೆಕ್ನೋ ಉತ್ಸವ ಮೇ ತಿಂಗಳ ಕೊನೆಯಲ್ಲಿ ನದಿಯ ದಂಡೆಯ ಹಾರ್ಟ್ ಪ್ಲಾಜಾದಲ್ಲಿ ಬೇರೂರಿ ಯೂರೋಪಿನಿಂದಲೂ ಜನರನ್ನು ಸೆಳೆದಿದೆ; ಮೊದಲು ಉಚಿತವಾಗಿದ್ದುದಕ್ಕೆ 2005ರಿಂದ ಚೀಟಿ ಕೊಳ್ಳಬೇಕಾಗಿದೆ. ಬರ್ಲಿನ್ನಿನಂತೆ ಪರಂಪರೆಯ ಪಟ್ಟಿಯಲ್ಲಿ ಹೆಸರು ಬರೆಸುವ ದಾರಿ ಮಾತ್ರ ಆ ಊರಿಗೆ ತೆರೆದಿಲ್ಲ, ಏಕೆಂದರೆ ಅಮೆರಿಕ 2003ರ ಆ ಒಡಂಬಡಿಕೆಯನ್ನು ಒಪ್ಪಿಯೇ ಇಲ್ಲ. ಮೋಜೋನ ರಾತ್ರಿಗಳಲ್ಲಿ ಇಂದು ಕೇಳಲು ಸಿಗುವ ಭಾಗಗಳು ಬಹುಮಟ್ಟಿಗೆ ಶ್ರೋತೃಗಳು ಮನೆಯಲ್ಲಿ ಕ್ಯಾಸೆಟ್ಟಿನ ಮೇಲೆ ಹಿಡಿದಿಟ್ಟವು. ಅವುಗಳಲ್ಲಿ ತರಂಗದ ಗರಗರ ಸದ್ದಿದೆ, ನಡುವೆ ಟೇಪು ಮುಗಿದು ತಿರುವಿ ಹಾಕಿದ ವಿರಾಮವಿದೆ.